ಆಟದಂಗಳದ ಪ್ರಶ್ನೋತ್ತರ: ಡ್ರ್ಯಾಗನ್‌ಗಳ ಬಣ್ಣ ಮತ್ತು ಬುದ್ಧಿ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಗೇಮ್ ಮಾಸ್ಟರ್ ಬಣ್ಣಿಸುವ ಕಲ್ಪಿತ ಲೋಕದಲ್ಲಿ ಮಾತಿನ ಬಲದಿಂದಲೂ ದಾಳದ ಕೃಪೆಯಿಂದಲೂ ಮುಂದೆ ಸಾಗುವ ಆಟಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಡ್ರ್ಯಾಗನ್‌ಗಳನ್ನೇ ಕುರಿತಿದ್ದುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಕೆಂಪು, ನೀಲಿ, ಹಸಿರು, ಕಪ್ಪು, ಬಿಳಿ ಎಂದು ಐದು ಬಗೆಯ ದುಷ್ಟ ಡ್ರ್ಯಾಗನ್‌ಗಳಿವೆ. ಒಂದು ಬೆಂಕಿ ಉಗುಳುತ್ತದೆ, ಇನ್ನೊಂದು ಮಿಂಚು ಉಗುಳುತ್ತದೆ ಎಂಬುದನ್ನು ಬಿಟ್ಟರೆ ಇವುಗಳ ನಡುವೆ ನಿಜವಾಗಿ ಏನಾದರೂ ವ್ಯತ್ಯಾಸವಿದೆಯೇ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಆರಂಭದಲ್ಲಿ ವ್ಯತ್ಯಾಸ ಬಹಳ ಇರಲಿಲ್ಲ ಎಂದೇ ಹೇಳಬೇಕು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ಈ ಆಟವನ್ನು ಪ್ರಕಟಿಸಿದಾಗ ನೀವು ಹೇಳಿದ ಐದು ಬಣ್ಣಗಳ ಜೊತೆಗೆ ಚಿನ್ನದ ಡ್ರ್ಯಾಗನ್ ಒಂದಿತ್ತು. ಪ್ರತಿಯೊಂದಕ್ಕೂ ವಾಸಸ್ಥಳ, ಉಸಿರಿನ ಬಗೆ, ಮಾತು ಬಲ್ಲುದಾಗಿರುವ ಸಂಭವ ಎಷ್ಟು, ನೀವು ಗುಹೆ ಹೊಕ್ಕಾಗ ಅದು ನಿದ್ದೆಯಲ್ಲಿರುವ ಸಂಭವ ಎಷ್ಟು ಎಂಬ ಲೆಕ್ಕಗಳಿದ್ದುವೇ ಹೊರತು ಸ್ವಭಾವವೆಂಬುದು ಅಷ್ಟಾಗಿ ಇರಲಿಲ್ಲ. ಆ ನಿಯಮಗಳ ಪ್ರಕಾರ ಡ್ರ್ಯಾಗನ್ ಅನ್ನು ಕೊಲ್ಲದೆ ಹೊಡೆದು ಮಣಿಸಬಹುದಾಗಿತ್ತು. ಮಣಿಸಿದ್ದನ್ನು ಪೇಟೆಯಲ್ಲಿ ಮಾರಲೂ ಬಹುದಾಗಿತ್ತು. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಬೆಲೆ ಕಟ್ಟುವ ಹಾಗೆ ಅದರ ಹಿಟ್ ಪಾಯಿಂಟ್, ಎಂದರೆ ಎಷ್ಟು ಏಟು ತಾಳಬಲ್ಲುದೆಂಬ ಲೆಕ್ಕ, ನೋಡಿ ಬೆಲೆ ಕಟ್ಟುತ್ತಿದ್ದರು. ಇಂದಿನ ಆಟಗಾರರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಅನಂತರದ ಐದು ದಶಕಗಳಲ್ಲಿ ಬಣ್ಣವೊಂದು ಬುದ್ಧಿಯ ಗುರುತಾಗಿ ಬೆಳೆದು ಬಂತು. ಕೆಂಪು ಡ್ರ್ಯಾಗನ್ ಜ್ವಾಲಾಮುಖಿಯ ಬಳಿ, ಎತ್ತರದ ಬೆಟ್ಟಗಳಲ್ಲಿ ಇರುತ್ತದೆ. ತಾನೇ ಶ್ರೇಷ್ಠನೆಂಬ ಅಹಂಕಾರ ಅದಕ್ಕೆ, ಮತ್ತು ತನ್ನ ರಾಶಿಯ ಒಂದೊಂದು ನಾಣ್ಯವೂ ಎಲ್ಲಿದೆಯೆಂಬ ಲೆಕ್ಕ ಅದರ ತಲೆಯಲ್ಲಿರುತ್ತದೆ. ಇದರ ಮೂಲ ಬಹಳ ಹಿಂದಿನದು. ಹಳೆಯ ಇಂಗ್ಲಿಷಿನ ಬೇವುಲ್ಫ್ ಕಾವ್ಯದಲ್ಲಿ ಮುನ್ನೂರು ವರ್ಷ ನಿಧಿಯನ್ನು ಕಾಯ್ದ ಡ್ರ್ಯಾಗನ್, ಒಂದೇ ಒಂದು ಬಟ್ಟಲು ಕಳುವಾದುದಕ್ಕಾಗಿ ಸುತ್ತಲಿನ ನಾಡನ್ನೆಲ್ಲ ಸುಟ್ಟುಹಾಕುತ್ತದೆ. ನೀಲಿಯದು ಮರುಭೂಮಿಯ ವಾಸ. ಮರಳಿನಡಿ ಹುದುಗಿ ಹೊಂಚು ಹಾಕುವ ಈ ಜಂಬಗಾರನಿಗೆ ರತ್ನಗಳೆಂದರೆ, ಅದರಲ್ಲಿಯೂ ನೀಲಮಣಿಯೆಂದರೆ, ಪ್ರಾಣ. ತಾನು ಕೀಳೆಂಬ ಸೂಚನೆ ಮಾತಿನಲ್ಲಿ ತುಸು ಕಂಡರೂ ಸಾಕು, ಸಂಧಾನ ಅಲ್ಲಿಗೆ ಮುಗಿಯಿತು. ಕಪ್ಪು ಡ್ರ್ಯಾಗನ್ ಜೌಗಿನಲ್ಲಿ, ಅಳಿದುಹೋದ ರಾಜ್ಯಗಳ ಪಾಳು ಕಟ್ಟಡಗಳ ನಡುವೆ ನೆಲೆಸುತ್ತದೆ. ಅದರ ಉಸಿರು ಆಮ್ಲ. ಕೊಳೆಯುವುದನ್ನೂ ಕುಸಿಯುವುದನ್ನೂ ನೋಡುವುದೇ ಅದರ ಸಂತೋಷ.

ನನ್ನ ಮಟ್ಟಿಗೆ ಐದರಲ್ಲಿ ಅತ್ಯಂತ ಸೊಗಸಾದುದು ಹಸಿರು. ಕಾಡಿನಲ್ಲಿ ವಾಸಿಸಿ ವಿಷಗಾಳಿಯನ್ನು ಉಸಿರಾಡುವ ಈ ಡ್ರ್ಯಾಗನ್ ತನ್ನ ಉಸಿರನ್ನು ಬಳಸುವ ಪ್ರಮೇಯವೇ ಬಾರದಂತೆ ಮಾತಿನಿಂದಲೇ ಕೆಲಸ ಮುಗಿಸಲು ನೋಡುತ್ತದೆ. ಅದು ಕೂಡಿಡುವ ಸಂಪತ್ತು ಚಿನ್ನಕ್ಕಿಂತ ಹೆಚ್ಚಾಗಿ ಮನುಷ್ಯರು: ತನ್ನ ಮಾತಿಗೆ ಮರುಳಾಗಿ ತನ್ನ ಕೈಗೊಂಬೆಗಳಾದ ವೀರರು, ಪಂಡಿತರು, ಗಾಯಕರು. ನಾನು ಆಡಿಸಿದ ಒಂದು ಕಥೆಯಲ್ಲಿ ಊರಿನ ಮುಖ್ಯಸ್ಥನೂ ವೈದ್ಯನೂ ಇಂತಹ ಒಂದು ಹಸಿರು ಡ್ರ್ಯಾಗನ್ನಿನ ಆಳುಗಳಾಗಿದ್ದರು. ಆಟಗಾರರಿಗೆ ಅದು ತಿಳಿದದ್ದು ಐದನೆಯ ವಾರದಲ್ಲಿ, ಅಷ್ಟು ಹೊತ್ತಿಗೆ ಅವರಲ್ಲೊಬ್ಬ ತನಗರಿವಿಲ್ಲದೆಯೇ ಆ ಡ್ರ್ಯಾಗನ್ನಿಗೆ ಮೂರು ಪತ್ರಗಳನ್ನು ತಲುಪಿಸಿ ಬಂದಿದ್ದ.

ಬಿಳಿಯನ್ನು ದಡ್ಡನೆಂದು ಎಲ್ಲರೂ ಕಡೆಗಣಿಸುತ್ತಾರೆ. ಬುದ್ಧಿಯಲ್ಲಿ ಅದು ಕೊನೆಯದೆಂಬುದೇನೋ ನಿಜ. ಬೇಟೆ, ಹಸಿವು, ಚಳಿ ಇವಿಷ್ಟೇ ಅದರ ಲೋಕ. ಆದರೆ ಅದರ ನೆನಪಿನ ಶಕ್ತಿ ಅಸಾಧಾರಣವಾದುದು. ಯಾರು ತನ್ನನ್ನು ಯಾವಾಗ ಸೋಲಿಸಿದರು, ಯಾರು ತನ್ನನ್ನು ಹಂಗಿಸಿದರು ಎಂಬುದೊಂದನ್ನೂ ಅದು ಮರೆಯುವುದಿಲ್ಲ. ಕೊಂದ ಶತ್ರುಗಳನ್ನು ಮಂಜುಗಡ್ಡೆಯೊಳಗೆ ಹಾಗೆಯೇ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳುತ್ತದೆ. ಗುಹೆಯ ಗೋಡೆಗೆ ಪಂಜು ಹಿಡಿದಾಗ ಒಳಗಿನಿಂದ ನೂರು ವರ್ಷದ ಹಿಂದಿನ ಯೋಧನೊಬ್ಬನ ಮುಖ, ಬಾಯಿ ತೆರೆದದ್ದು ತೆರೆದಂತೆಯೇ, ಕಾಣಿಸಿತೆಂದು ಹೇಳಿ ನೋಡಿ. ಮೇಜಿನ ಸುತ್ತ ಕುಳಿತವರು ಬಿಳಿ ಡ್ರ್ಯಾಗನ್ ಅನ್ನು ಮತ್ತೆ ಹಗುರವಾಗಿ ಕಾಣುವುದಿಲ್ಲ.

ಪ್ರಶ್ನೆ: ತಿಂಗಳುಗಟ್ಟಲೆ ಕಾದು ಕೊನೆಗೆ ವಯಸ್ಕ ಕೆಂಪು ಡ್ರ್ಯಾಗನ್ನಿನ ಗುಹೆಗೆ ಆಟಗಾರರನ್ನು ಕರೆತಂದೆ. ಮೂರೇ ಸುತ್ತುಗಳಲ್ಲಿ ಐವರೂ ಸೇರಿ ಅದನ್ನು ಕೊಂದುಹಾಕಿದರು. ಗೇಮ್ ಮಾಸ್ಟರ್ ಆದ ನನಗೂ ಬೇಸರ, ಕೊಂದವರಿಗೂ ಬೇಸರ. ನಾನು ಎಡವಿದ್ದೆಲ್ಲಿ? (ಮಂಗಳೂರಿನ ಓದುಗರು)

ಉತ್ತರ: ಅದನ್ನು ನೀವು ನೆಲದ ಮೇಲೆ ನಿಲ್ಲಿಸಿದಿರಿ ಎಂದು ನನ್ನ ಊಹೆ. ರೆಕ್ಕೆಯಿರುವ ಪ್ರಾಣಿಯನ್ನು ನೆಲದ ಮೇಲೆ ನಿಲ್ಲಿಸಿ, ಕತ್ತಿ ಹಿಡಿದ ಐವರನ್ನು ಅದರ ಸುತ್ತ ಬಿಟ್ಟರೆ ಅದು ದೊಡ್ಡದೊಂದು ಕೋಣವಷ್ಟೇ.

2014ರ ನಿಯಮಗಳನ್ನು ನೀವು ಬಳಸುತ್ತಿರುವಿರಿ ಎಂದಿಟ್ಟುಕೊಳ್ಳುತ್ತೇನೆ. ಅದರಲ್ಲಿ ವಯಸ್ಕ ಕೆಂಪು ಡ್ರ್ಯಾಗನ್ನಿಗೆ 256 ಹಿಟ್ ಪಾಯಿಂಟ್‌ಗಳಿವೆ. ಒಂದು ಸರದಿಯಲ್ಲಿ ಅದು 80 ಅಡಿ ಹಾರಬಲ್ಲುದು. ಅದರ ಬೆಂಕಿ 60 ಅಡಿ ಉದ್ದದ ಶಂಕುವಿನ ಆಕಾರದಲ್ಲಿ ಹರಡುತ್ತದೆ, ಹಾನಿ ಆರು ಮುಖದ 18 ದಾಳಗಳಷ್ಟು, ಎಂದರೆ ಸರಾಸರಿ 63. ಸೇವಿಂಗ್ ಥ್ರೋದಲ್ಲಿ, ಎಂದರೆ ತಪ್ಪಿಸಿಕೊಳ್ಳಲೆಂದು ಉರುಳಿಸುವ ದಾಳದಲ್ಲಿ, ಗೆದ್ದವರಿಗೂ ಇದರ ಅರ್ಧ ತಪ್ಪುವುದಿಲ್ಲ. ಒಮ್ಮೆ ಉಗುಳಿದ ಮೇಲೆ ಬೆಂಕಿ ಮತ್ತೆ ಸಿದ್ಧವಾಗಬೇಕಾದರೆ, ಡ್ರ್ಯಾಗನ್ನಿನ ಪ್ರತಿ ಸರದಿಯ ಆರಂಭದಲ್ಲಿ ಒಂದು ದಾಳ ಉರುಳಿಸಿದಾಗ 5 ಅಥವಾ 6 ಬೀಳಬೇಕು. ಇಡೀ ಕಾಳಗದ ಜೀವ ಇರುವುದು ಈ ಒಂದು ದಾಳದಲ್ಲಿ. ಬೇರೆಲ್ಲ ದಾಳಗಳನ್ನೂ ನಾನು ಪರದೆಯ ಹಿಂದೆ ಉರುಳಿಸುತ್ತೇನೆ. ಇದನ್ನು ಮಾತ್ರ ಮೇಜಿನ ನಡುವೆ, ಅಡುಗೆಮನೆಯಿಂದ ತಂದ ಸ್ಟೀಲ್ ತಟ್ಟೆಯೊಂದರಲ್ಲಿ, ಎಲ್ಲರ ಕಣ್ಣೆದುರಿಗೆ ಹಾಕುತ್ತೇನೆ. ತಟ್ಟೆಯಲ್ಲಿ ದಾಳ ಕಣಕಣ ಸುತ್ತುವಷ್ಟು ಹೊತ್ತು ಚಕ್ಕುಲಿ ಅಗಿಯುತ್ತಿದ್ದವರೂ ಅಗಿಯುವುದನ್ನು ನಿಲ್ಲಿಸುತ್ತಾರೆ.

ಇನ್ನು ಡ್ರ್ಯಾಗನ್ನಿನ ಕಡೆಯಿಂದ ಯೋಚಿಸಿ ನೋಡಿ. ಆ ನಿಯಮಗಳಲ್ಲಿ ‘ವಯಸ್ಕ’ ಎಂದರೆ 101ರಿಂದ 800 ವರ್ಷದೊಳಗಿನದು. ಅಷ್ಟು ಕಾಲ ಬದುಕಿದ್ದೆಂದರೆ ಹಿಂದೆಯೂ ಇಂತಹ ತಂಡಗಳನ್ನು ಕಂಡಿದೆ, ಯಾವಾಗ ಹಾರಿಹೋಗಬೇಕೆಂಬುದನ್ನು ಬಲ್ಲುದು ಎಂದೇ ಅರ್ಥ. ಅದು ಮೇಲಿನಿಂದ ಬೆಂಕಿ ಉಗುಳಿ, ಬಾಣಕ್ಕೆ ಎಟುಕದಷ್ಟು ದೂರ ಸರಿದು, ಬೆಂಕಿ ಮತ್ತೆ ತುಂಬಿಕೊಂಡಾಗ ಮರಳಿ ಬರಬೇಕು. ಮಾಂತ್ರಿಕನೊಬ್ಬ ಮಂತ್ರ ಹಾಕಿದಾಗ ಸೋತರೂ ಗೆದ್ದೆನೆಂದುಕೊಳ್ಳುವ ಅವಕಾಶ ಅದಕ್ಕೆ ದಿನಕ್ಕೆ ಮೂರು ಬಾರಿ ಇದೆ; ಇತರರ ಸರದಿಗಳ ಕೊನೆಯಲ್ಲಿ ಬಾಲ ಬೀಸುವ, ರೆಕ್ಕೆ ಬಡಿದು ಮೇಲೇಳುವ ಅವಕಾಶಗಳೂ ಇವೆ. ತನ್ನ ಗುಹೆಯೊಳಗಿದ್ದರೆ ನೆಲದಿಂದ ಲಾವಾ ಚಿಮ್ಮುತ್ತದೆ. ಇವಿಷ್ಟನ್ನೂ ಬಳಸಿಯೂ ಮೂರು ಸುತ್ತುಗಳಲ್ಲಿ ಸತ್ತರೆ ನಿಮ್ಮ ಆಟಗಾರರಿಗೆ ಅಭಿನಂದನೆ ಹೇಳಬೇಕಾದುದೇ.

ಇನ್ನೊಂದು ಮಾತು. ನೀಲಿಯ ಮಿಂಚು ಸರಳರೇಖೆಯಲ್ಲಿ 90 ಅಡಿ ಹೋಗುತ್ತದೆ, ಕೆಂಪಿನ ಬೆಂಕಿ ಬೀಸಣಿಗೆಯಂತೆ ಹರಡುತ್ತದೆ. ಮೊದಲನೆಯದರ ಎದುರು ಸಾಲಾಗಿ ನಿಂತವರು ಕೆಡುತ್ತಾರೆ, ಎರಡನೆಯದರ ಎದುರು ಗುಂಪಾಗಿ ನಿಂತವರು. ಯಾವ ಬಣ್ಣವೆಂಬುದು ಆಟಗಾರರಿಗೆ ಮುಂಚಿತವಾಗಿ ತಿಳಿದರೆ ಕುತೂಹಲ ಕೆಡುತ್ತದೆಂದು ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಸುಟ್ಟ ಹೊಲ, ಗಾಜಾದ ಮರಳು, ಕರಗಿದ ಕವಚ ಇವುಗಳನ್ನು ಮೊದಲೇ ತೋರಿಸಿ. ಅವರು ನಾಲ್ಕು ವಾರ ಅದರ ಬಗ್ಗೆ ಚಿಂತೆ ಮಾಡಲಿ.

ಪ್ರಶ್ನೆ: ವೈವರ್ನ್ ಎಂಬುದು ಡ್ರ್ಯಾಗನ್ನೇ ಅಲ್ಲವೇ? (ಹಾಸನ)

ಉತ್ತರ: ಎರಡು ಕಾಲು, ಎರಡು ರೆಕ್ಕೆ ಇದ್ದರೆ ವೈವರ್ನ್, ನಾಲ್ಕು ಕಾಲುಗಳ ಮೇಲೆ ಎರಡು ರೆಕ್ಕೆ ಇದ್ದರೆ ಡ್ರ್ಯಾಗನ್. ಬ್ರಿಟನ್ನಿನ ಮನೆತನಗಳ ಲಾಂಛನ ಬರೆಯುವವರು ಮಾಡಿಕೊಂಡ ಈ ವಿಂಗಡಣೆಯನ್ನು ಆಟ ಹಾಗೆಯೇ ಎತ್ತಿಕೊಂಡಿತು. ಆಟದ ವೈವರ್ನ್ ಮಾತನಾಡುವುದಿಲ್ಲ, ನಿಧಿ ಕೂಡಿಡುವ ಯೋಚನೆಯೂ ಅದಕ್ಕಿಲ್ಲ. ಅದರ ಬಾಲದ ತುದಿಯಲ್ಲಿ ವಿಷದ ಮುಳ್ಳಿದೆ, ಅಷ್ಟು ಸಾಕು. ಕಂಪ್ಯೂಟರ್ ಆಟಗಳು ಈ ಕಟ್ಟಳೆಯನ್ನು ಪಾಲಿಸುವುದಿಲ್ಲ. 2011ರಲ್ಲಿ ಬಂದ ಸ್ಕೈರಿಮ್‌ನ ಡ್ರ್ಯಾಗನ್‌ಗಳಿಗೆ ಕಾಲುಗಳು ಎರಡೇ, ಆದರೆ ಅವುಗಳ ಉಸಿರೇ ಒಂದು ಭಾಷೆ. ಕಾಲು ಎಣಿಸುವುದಕ್ಕಿಂತ ಅದು ಮಾತನಾಡುತ್ತದೆಯೇ ಎಂದು ಕೇಳುವುದು ಮೇಲೆಂದು ನನಗೆ ತೋರುತ್ತದೆ.

ಪ್ರಶ್ನೆ: ಚಿನ್ನ, ಬೆಳ್ಳಿ, ಕಂಚು, ತಾಮ್ರ, ಹಿತ್ತಾಳೆಯ ಡ್ರ್ಯಾಗನ್‌ಗಳು ಸಜ್ಜನರಂತೆ. ಹೋರಾಡುವುದಕ್ಕೆ ಆಗದ ಡ್ರ್ಯಾಗನ್‌ಗಳಿಂದ ಆಟಕ್ಕೆ ಏನು ಪ್ರಯೋಜನ? (ಧಾರವಾಡದ ವಿದ್ಯಾರ್ಥಿ)

ಉತ್ತರ: ಚಿನ್ನವನ್ನು ಬಿಟ್ಟು ಉಳಿದ ನಾಲ್ಕು ಲೋಹಗಳು 1975ರ ಅನುಬಂಧದಲ್ಲಿ ಬಂದವು. ಪುಸ್ತಕದಲ್ಲಿ ಅವು ಸಾಧುಗಳೆಂದೇ ಇದೆ. ಆದರೆ ಸಾಧುವಾದವರೊಡನೆ ಬಾಳುವುದು ಸುಲಭವೆಂದು ಯಾರು ಹೇಳಿದರು? ಹಿತ್ತಾಳೆಯ ಡ್ರ್ಯಾಗನ್ ಮರುಭೂಮಿಯ ವಾಚಾಳಿ. ಹರಟೆಗೆ ಜನ ಸಿಕ್ಕರೆ ಬಿಡುವುದಿಲ್ಲ. ಹೊರಟು ನಿಂತವರ ಮೇಲೆ ನಿದ್ದೆ ಬರಿಸುವ ಗಾಳಿಯನ್ನು ಊದಬಲ್ಲುದು. ಒಮ್ಮೆ ನನ್ನ ಆಟಗಾರರು ಬಾವಿಯ ದಾರಿ ಕೇಳಲೆಂದು ಇಂತಹದೊಂದರ ಬಳಿ ಹೋಗಿ, ಆಟದ ಲೆಕ್ಕದಲ್ಲಿ ಎರಡು ಹಗಲು ಅಲ್ಲಿಯೇ ಉಳಿದರು. ಮದುವೆ ಮನೆಯಲ್ಲಿ ಕೈ ಹಿಡಿದು ಕೂರಿಸಿಕೊಳ್ಳುವ ಹಿರಿಯರನ್ನು ಕಂಡವರಿಗೆ ಆ ಪಾತ್ರವನ್ನು ಅಭಿನಯಿಸುವುದು ಕಷ್ಟವೇನಲ್ಲ. ತಾಮ್ರದ್ದು ಒಗಟು, ತಮಾಷೆಗಳ ಡ್ರ್ಯಾಗನ್. ತನ್ನ ನಗೆಮಾತಿಗೆ ನಗದವರನ್ನು ಕಂಡರೆ ಅದಕ್ಕೆ ಮುನಿಸು. ಕಂಚಿನದು ಕಡಲತೀರದಲ್ಲಿದ್ದು ಹಡಗುಗಳನ್ನು ನೋಡುತ್ತ, ದಬ್ಬಾಳಿಕೆಯ ವಿರುದ್ಧದ ಯುದ್ಧಗಳಲ್ಲಿ ಪಾಲುಗೊಳ್ಳಲು ಕಾಯುತ್ತಿರುತ್ತದೆ. ಚಿನ್ನದ ಡ್ರ್ಯಾಗನ್ ಮುತ್ತು ರತ್ನಗಳನ್ನು ತಿನ್ನುತ್ತದೆಂಬುದೊಂದನ್ನು ಬಿಟ್ಟರೆ ನನಗೆ ಅದು ಅಷ್ಟಾಗಿ ಹಿಡಿಸಿದ್ದಿಲ್ಲ; ತೀರ ಗಂಭೀರ.

ಬೆಳ್ಳಿಯದು ಮಾತ್ರ ಬೇರೆಯೇ ಬಗೆ. ಅದಕ್ಕೆ ಮನುಷ್ಯರೆಂದರೆ ಇಷ್ಟ. ಮನುಷ್ಯರೂಪ ತಾಳಿ ಊರುಗಳಲ್ಲಿ ವರ್ಷಗಟ್ಟಲೆ ಬಾಳುತ್ತದೆ, ಗೆಳೆತನ ಬೆಳೆಸುತ್ತದೆ, ಆ ಗೆಳೆಯರು ಮುದುಕರಾಗಿ ಸಾಯುವುದನ್ನು ನೋಡುತ್ತದೆ. ಸಾವಿರ ವರ್ಷ ಬದುಕುವ ಜೀವಿಯೊಂದು ಅರವತ್ತು ಎಪ್ಪತ್ತು ವರ್ಷದವರನ್ನು ಪ್ರೀತಿಸುವುದರಲ್ಲಿ ಎಷ್ಟು ಕಥೆಗಳಿವೆಯೋ ಅಷ್ಟು ಕಥೆಗಳು ಕೆಂಪು ಡ್ರ್ಯಾಗನ್ನಿನ ರಾಶಿಯಲ್ಲಿಯೂ ಸಿಗಲಾರವು.

ಡ್ರ್ಯಾಗನ್ ಅನ್ನು ಕೊಲ್ಲುವುದೊಂದೇ ದಾರಿಯಲ್ಲವೆಂಬುದಕ್ಕೆ 1989ರಲ್ಲಿ ಬಂದ ಶ್ಯಾಡೋರನ್ ಎಂಬ ಬೇರೊಂದು ಆಟವನ್ನೂ ನೋಡಬಹುದು. ಅಲ್ಲಿ ಮುಂದಿನ ಕಾಲದ ಭೂಮಿಯಲ್ಲಿ ಡ್ರ್ಯಾಗನ್‌ಗಳು ಎಚ್ಚೆತ್ತಿವೆ. ಲೋಫ್ವಿರ್ ಎಂಬುದು ಬೃಹತ್ ಕಂಪನಿಯೊಂದರ ಒಡೆಯ. ಡುಂಕೆಲ್‌ಜಾನ್ ಎಂಬ ಇನ್ನೊಂದು, ಕಥೆಯ 2057ರಲ್ಲಿ ಚುನಾವಣೆಗೆ ನಿಂತು ಗೆದ್ದು ಅಧ್ಯಕ್ಷನಾಗಿ, ಅಧಿಕಾರ ವಹಿಸಿಕೊಂಡ ದಿನದ ರಾತ್ರಿಯೇ ಹತವಾಗುತ್ತದೆ. ಷೇರುಗಳೇ ನಿಧಿಯಾದಾಗ ಅದರ ಮೇಲೆ ಮಲಗುವ ಡ್ರ್ಯಾಗನ್ ಹೇಗಿರುತ್ತದೆಂಬ ಆ ಕಲ್ಪನೆ ನನಗೆ ಇಂದಿಗೂ ಹೊಸದಾಗಿಯೇ ಕಾಣುತ್ತದೆ.

ಪ್ರಶ್ನೆ: ಐದು ತಲೆಯ ಟಿಯಾಮತ್ ಮತ್ತು ಪ್ಲಾಟಿನಂ ಡ್ರ್ಯಾಗನ್ ಬಹಾಮುತ್ ನಿಜವಾದ ಪುರಾಣಗಳಿಂದ ಬಂದವರೇ? (ಮೈಸೂರಿನ ಓದುಗರು)

ಉತ್ತರ: ಹೆಸರು ಪುರಾಣದ್ದು, ಮೈ ಆಟದ್ದು. ಟಿಯಾಮತ್ ಬ್ಯಾಬಿಲೋನಿನ ಸೃಷ್ಟಿಕಾವ್ಯದಲ್ಲಿ ಬರುವ ಉಪ್ಪು ಕಡಲಿನ ಆದಿಮಾತೆ. ಮರ್ದುಕ್ ದೇವನು ಅವಳನ್ನು ಕೊಂದು, ದೇಹವನ್ನು ಎರಡಾಗಿ ಸೀಳಿ, ಆಕಾಶವನ್ನೂ ಭೂಮಿಯನ್ನೂ ಮಾಡಿದನು. ನೀರನ್ನು ತಡೆಹಿಡಿದ ವೃತ್ರನನ್ನು ಇಂದ್ರನು ವಜ್ರದಿಂದ ಕೊಂದ ಋಗ್ವೇದದ ಕಥೆ ನಿಮಗೆ ನೆನಪಾದರೆ ಅದು ಸಹಜ. ದೇವನೊಬ್ಬನು ನೀರಿಗೆ ಸಂಬಂಧಿಸಿದ ಮಹಾಸತ್ತ್ವವನ್ನು ಕೊಲ್ಲುವ ಕಥೆಗಳು ಹಲವು ನಾಡುಗಳಲ್ಲಿವೆ. ಐದು ಬಣ್ಣದ ಐದು ತಲೆಗಳು ಮಾತ್ರ ಆ ಕಾವ್ಯದಲ್ಲಿ ಎಲ್ಲಿಯೂ ಇಲ್ಲ. ಬಹಾಮುತ್ ಅಂತೂ ಡ್ರ್ಯಾಗನ್ನೇ ಅಲ್ಲ. ಅರಬ್ ವಿಶ್ವವರ್ಣನೆಯಲ್ಲಿ ಭೂಮಿಯನ್ನು ಹೊತ್ತ ಗೂಳಿಯನ್ನು ಹೊತ್ತಿರುವ ಮಹಾಮತ್ಸ್ಯ ಅದು. 1975ರ ಅನುಬಂಧದಲ್ಲಿ ಹೆಸರಿಲ್ಲದ ರಾಣಿ ಮತ್ತು ರಾಜನಾಗಿ ಬಂದ ಇವರಿಬ್ಬರಿಗೆ 1977ರ ಪುಸ್ತಕದಲ್ಲಿ ಈ ಹೆಸರುಗಳು ಸಿಕ್ಕಿದವು. ಆಟದ ಬಹಾಮುತ್ ಏಳು ಹಳದಿ ಕ್ಯಾನರಿ ಹಕ್ಕಿಗಳನ್ನು ಜೊತೆಗಿಟ್ಟುಕೊಂಡ ಮುದುಕನ ವೇಷದಲ್ಲಿ ತಿರುಗಾಡುತ್ತಾನೆ. ಹಕ್ಕಿಗಳೆಲ್ಲ ಚಿನ್ನದ ಡ್ರ್ಯಾಗನ್‌ಗಳೇ. ಅಂತಹ ಮುದುಕನೊಬ್ಬ ಛತ್ರದಲ್ಲಿ ಮೂಲೆಯ ಮೇಜಿಗೆ ಕುಳಿತಿದ್ದಾನೆಂದು ಹೇಳಿದಾಗ ಯಾವ ಆಟಗಾರನ ಮುಖ ಬಿಳಿಚುತ್ತದೋ ಅವನು ಪುಸ್ತಕ ಓದಿ ಬಂದಿದ್ದಾನೆಂದು ತಿಳಿಯಿರಿ.

ಪ್ರಶ್ನೆ: ನಾವು ಇಲ್ಲಿ ಪಾತ್‌ಫೈಂಡರ್ ಆಡುತ್ತೇವೆ. ಹೊಸ ಪುಸ್ತಕಗಳಲ್ಲಿ ಕೆಂಪು, ನೀಲಿ, ಚಿನ್ನದ ಡ್ರ್ಯಾಗನ್‌ಗಳೇ ಕಾಣುತ್ತಿಲ್ಲ. ಏಕೆ? (ಸಿಂಗಪುರದಲ್ಲಿರುವ ಕನ್ನಡಿಗ ಓದುಗರು)

ಉತ್ತರ: ಕಾರಣ ಕಾನೂನಿನದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಿಯಮಗಳನ್ನು ಇತರರೂ ಬಳಸಲು 2000ದಿಂದ ಒಂದು ಮುಕ್ತ ಪರವಾನಗಿಯಿತ್ತು. ಪಾತ್‌ಫೈಂಡರ್ ಬೆಳೆದದ್ದು ಅದರ ಆಸರೆಯಲ್ಲಿಯೇ. 2023ರ ಜನವರಿಯಲ್ಲಿ ಆ ಪರವಾನಗಿಯನ್ನು ಬದಲಿಸುವ ಯೋಜನೆ ಹೊರಬಿದ್ದಾಗ ಆಟಗಾರರಿಂದ ದೊಡ್ಡ ಪ್ರತಿಭಟನೆ ಎದ್ದು, ಯೋಜನೆಯನ್ನು ಕೈಬಿಡಲಾಯಿತು. ಆದರೂ ಪಾತ್‌ಫೈಂಡರ್‌ನ ಪ್ರಕಾಶಕರು ತಮ್ಮದೇ ದಾರಿ ಹಿಡಿದು, ಹಳೆಯ ಪರವಾನಗಿಯಿಂದ ಬಂದುದನ್ನೆಲ್ಲ ಬಿಟ್ಟು ಪುಸ್ತಕಗಳನ್ನು ಹೊಸದಾಗಿ ಬರೆದರು. ಬಣ್ಣ ಮತ್ತು ಲೋಹಗಳ ಬದಲು ಆ ಆಟದ ನಾಲ್ಕು ಮಂತ್ರಸಂಪ್ರದಾಯಗಳಿಗೆ ಎರಡೆರಡರಂತೆ ಹೊಸ ಡ್ರ್ಯಾಗನ್‌ಗಳು ಬಂದವು: ಮರೀಚಿಕೆಯ ಡ್ರ್ಯಾಗನ್, ಪಿತೂರಿಯ ಡ್ರ್ಯಾಗನ್, ಶಕುನದ ಡ್ರ್ಯಾಗನ್, ಕೊಂಬಿನ ಡ್ರ್ಯಾಗನ್ ಮುಂತಾದವು. ಒಂದು ನಷ್ಟವಂತೂ ಇದೆ. ‘ಗುಡ್ಡದ ಮೇಲೆ ಕೆಂಪಗೆ ಏನೋ ಹಾರಿತು’ ಎಂಬ ಒಂದು ವಾಕ್ಯಕ್ಕೆ ಹಿಂದೆ ಇದ್ದ ತೂಕ ಈಗ ಇಲ್ಲ. ಲಾಭವೂ ಇದೆ, ಪಿತೂರಿಯ ಡ್ರ್ಯಾಗನ್ ಏನು ಉಸಿರಾಡುತ್ತದೆಂದು ನಿಮ್ಮ ತಂಡದ ಹಳಬರಿಗೂ ಗೊತ್ತಿಲ್ಲ.

ಪ್ರಶ್ನೆ: ಡ್ರ್ಯಾಗನ್ ಎಂಬುದಕ್ಕೆ ಕನ್ನಡದಲ್ಲಿ ಘಟಸರ್ಪ ಎಂದೋ ಮಹಾನಾಗ ಎಂದೋ ಹೇಳಬಾರದೇ? ನಮ್ಮ ನಿಧಿ ಕಾಯುವ ಸರ್ಪವೂ ಅದೇ ಅಲ್ಲವೇ? (ಶಿರಸಿಯ ಹಿರಿಯ ಓದುಗರು)

ಉತ್ತರ: ಘಟಸರ್ಪವೆಂಬ ಮಾತು ಕಿವಿಗೆ ಇಂಪಾಗಿದೆ, ಮಕ್ಕಳ ಕಥೆಗಳಲ್ಲಿ ಬಳಕೆಯಲ್ಲಿಯೂ ಇದೆ. ಆಟದ ಮೇಜಿನಲ್ಲಿ ಮಾತ್ರ ನಾನು ಡ್ರ್ಯಾಗನ್ ಎಂದೇ ಹೇಳುತ್ತೇನೆ, ಏಕೆಂದರೆ ನಾಗ ಎಂಬ ಹೆಸರಿನಲ್ಲಿಯೇ ಬೇರೆ ಜೀವಿಗಳು 1970ರ ದಶಕದಿಂದಲೂ ಆ ಆಟದಲ್ಲಿವೆ. ಸರ್ಪದ ಮೈ, ಮನುಷ್ಯನ ಮುಖ, ಪುಣ್ಯಸ್ಥಳವನ್ನೋ ಗುಟ್ಟನ್ನೋ ಕಾಯುವ ಕೆಲಸ. ಎರಡಕ್ಕೂ ನಾಗ ಎಂದರೆ ಆಟಗಾರರು ಗೊಂದಲಗೊಳ್ಳುತ್ತಾರೆ. ಬೇಲೂರು, ಹಳೇಬೀಡುಗಳ ತೋರಣಗಳಲ್ಲಿರುವ ಮಕರವನ್ನು ಕೆಲವರು ನಮ್ಮ ಡ್ರ್ಯಾಗನ್ ಎನ್ನುವುದುಂಟು. ಮೊಸಳೆಯ ಬಾಯಿ, ಆನೆಯ ಸೊಂಡಿಲಿನಂತಹ ಮೂತಿ, ನವಿಲಿನ ಗರಿಯಂತಹ ಬಾಲ ಇರುವ ಆ ಸುಂದರ ಪ್ರಾಣಿಯ ಚರಿತ್ರೆಯೇ ಬೇರೆ.

ನಿಧಿಯ ಸರ್ಪದ ವಿಷಯದಲ್ಲಿ ನೀವು ಹೇಳಿದ್ದು ಅರ್ಧ ಸರಿ. ನಮ್ಮ ಹಳ್ಳಿಗಳ ಕಥೆಗಳಲ್ಲಿ ಅದು ಬಹುತೇಕ ಬೇರೆಯವರ ಸೊತ್ತನ್ನು, ಹಕ್ಕುದಾರನು ಬರುವವರೆಗೆ, ಕಾಯುತ್ತಿರುತ್ತದೆ. ಆಟದ ಡ್ರ್ಯಾಗನ್ ತನ್ನದನ್ನು ತನಗಾಗಿಯೇ ಕಾಯುತ್ತದೆ. ಆದರೆ ಜಿಪುಣನಾಗಿ ಸತ್ತವನು ಹಾವಾಗಿ ಹುಟ್ಟಿ ತಾನು ಹೂತಿಟ್ಟ ಕೊಪ್ಪರಿಗೆಯ ಮೇಲೆಯೇ ಸುತ್ತಿಕೊಂಡಿರುತ್ತಾನೆಂಬ ನಂಬಿಕೆಯೂ ನಮ್ಮಲ್ಲಿದೆ. ಉತ್ತರ ಯುರೋಪಿನ ನಾರ್ಸ್ ಕಥೆಯ ಫಾಫ್ನಿರ್ ಕೂಡ ಹುಟ್ಟಿನಿಂದ ಡ್ರ್ಯಾಗನ್ ಅಲ್ಲ. ಚಿನ್ನಕ್ಕಾಗಿ ತಂದೆಯನ್ನೇ ಕೊಂದು, ಅದರ ಮೇಲೆ ಮಲಗಿ ಮಲಗಿ ಡ್ರ್ಯಾಗನ್ ಆದವನು. ಈ ಎರಡು ಕಥೆಗಳನ್ನು ಒಂದಾಗಿ ನೇಯ್ದು ನನ್ನ ಮುಂದಿನ ಆಟಕ್ಕೊಂದು ಕೆಂಪು ಡ್ರ್ಯಾಗನ್ ಅನ್ನು ಸಿದ್ಧಪಡಿಸುತ್ತಿದ್ದೇನೆ: ಹಿಂದೆ ಅದು ಊರಿನ ಸಾಹುಕಾರನಾಗಿತ್ತು, ಮತ್ತು ಈಗಲೂ ಸಾಲ ಪಡೆದವರ ಮೊಮ್ಮಕ್ಕಳ ಹೆಸರುಗಳನ್ನು ಬಡ್ಡಿಯ ಸಮೇತ ಹೇಳಬಲ್ಲುದು.